ದೇವೀರಿಯ ಅರ್ಧ ಮಡಿ

ಬಹಳ ಬಹಳ ಹಿಂದೆ, ಬೆಟ್ಟಗಳು ಇನ್ನೂ ಮನುಷ್ಯರ ಜೊತೆ ಮಾತಾಡುತ್ತಿದ್ದ ಕಾಲದಲ್ಲಿ, ಕುಂದಣಪುರಿ ಎಂಬ ರಾಜ್ಯವಿತ್ತು. ಅಲ್ಲಿನ ಕೋಟೆಗೋಡೆಗೆ ಅಂಟಿಕೊಂಡು ಮಗ್ಗದ ಕೇರಿ. ಕೇರಿಯಲ್ಲಿ ಹನ್ನೆರಡು ಮನೆ. ಹನ್ನೆರಡು ಮನೆಗೂ ಸೇರಿ ಹಿತ್ತಲಲ್ಲಿ ಒಂದೇ ತೋಟ. ಬೇಲಿಯಿಲ್ಲ, ಬಾಗಿಲಿಲ್ಲ. ಸರದಿಯ ಮೇಲೆ ನೀರು ಹಾಕುವುದು, ಬೆಳೆದದ್ದನ್ನು ಬಾವಿಕಟ್ಟೆಯ ಮೇಲೆ ಸುರಿದು ಹಂಚಿಕೊಳ್ಳುವುದು.

ಆ ಕೇರಿಯಲ್ಲಿ ದೇವೀರಿ ಎಂಬ ಹುಡುಗಿಯಿದ್ದಳು. ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡವಳು. ಪಕ್ಕದ ಮನೆಯ ತಾಯಕ್ಕನೇ ಅವಳಿಗೆ ಉಣ್ಣಿಸಿದಳು, ತಲೆ ಬಾಚಿದಳು, ಅವರೆ ಬೀಜವನ್ನು ಎಷ್ಟು ಆಳಕ್ಕೆ ಊರಬೇಕು, ಬದನೆ ಸಸಿಯನ್ನು ಯಾವ ಹೊತ್ತಿನಲ್ಲಿ ಕಿತ್ತು ನೆಡಬೇಕು ಎಂದು ಹೇಳಿಕೊಟ್ಟಳು. ತೋಟದ ಮೂಲೆಯ ಮಡಿಯೊಂದನ್ನು ಇಬ್ಬರೂ ಸೇರಿ ನೋಡಿಕೊಳ್ಳುತ್ತಿದ್ದರು. ಯಾವುದು ಯಾರ ಗಿಡ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಒಂದು ದಿನ ಮಟಮಟ ಮಧ್ಯಾಹ್ನ ಹೊಗೆಬೆಟ್ಟದಿಂದ ಉಗ್ರಜಟಿ ಎಂಬ ಮಂತ್ರವಾದಿ ಇಳಿದು ಬಂದ. ಅವನ ಹೆಗಲ ಮೇಲೆ ಕರಿಮರದ ಗೂಟಗಳ ಕಟ್ಟು.

"ಇವನ್ನು ನಿಮ್ಮ ನಿಮ್ಮ ಪಾಲಿನ ಮಣ್ಣಿಗೆ ಹೊಡೆಯಿರಿ. ಬೆಳೆ ಮೂರು ಪಟ್ಟಾಗುತ್ತದೆ," ಅಂದ.

"ನಿನಗೇನು ಕೊಡಬೇಕು?" ಎಂದು ಕೇಳಿದ ನೂಲಿಗೆ ಬಣ್ಣ ಹಾಕುವ ರಾಚಣ್ಣ.

"ಏನೂ ಬೇಡ. ಹಸಿರೆಲ್ಲ ನಿಮಗೆ. ಒಣಗಿದ್ದು ಮಾತ್ರ ನನಗಿರಲಿ."

ಒಣಗಿದ್ದು ಯಾರಿಗೆ ಬೇಕು? ಮನೆಗೊಂದು ಗೂಟ ತೆಗೆದುಕೊಂಡರು, ತೋಟವನ್ನು ಪಾಲು ಮಾಡಿಕೊಂಡು ಹೊಡೆದರು. ದೇವೀರಿ ಮತ್ತು ತಾಯಕ್ಕ ಮಾತ್ರ ಗೂಟವನ್ನು ಮೂಲೆಯಲ್ಲಿ ಬಿಸಾಡಿದರು. "ಒಂದೇ ಮಡಿಗೆ ಗೂಟ ಯಾಕೆ?" ಎಂದು ನಕ್ಕರು.

ಬೆಳೆ ಮೂರು ಪಟ್ಟಾದದ್ದು ನಿಜ. ಆದರೆ ಅದು ಮಣ್ಣಿನಿಂದ ಬಂದದ್ದಲ್ಲ, ಪಕ್ಕದ ಮಡಿಯಿಂದ ಹೀರಿದ್ದು. ಗೂಟ ಎಷ್ಟು ಆಳಕ್ಕಿಳಿದರೆ ಅಷ್ಟು ಸಾರ ಎಳೆಯುತ್ತಿತ್ತು. ಮೊದಲು ಒಣಗಿದ್ದು ನಾಲ್ಕೂ ಕಡೆಯ ಗೂಟಗಳ ನಡುವೆ ಸಿಕ್ಕ ರಾಚಣ್ಣನ ಮಡಿ. ಮರುದಿನ ಬೆಳಿಗ್ಗೆ ಅವನು ಆ ಮಡಿಯಲ್ಲೇ ಕೈಚಾಚಿ ನಿಂತಿದ್ದ. ಕೈ ಹುಲ್ಲು, ಹೊಟ್ಟೆ ಹುಲ್ಲು. ಕಣ್ಣೆರಡು ಮಾತ್ರ ರಾಚಣ್ಣನವು. ಅವನು ಬೆದರುಬೊಂಬೆಯಾಗಿದ್ದ.

ಅದನ್ನು ನೋಡಿದ ಮೇಲಾದರೂ ಯಾರಾದರೂ ಗೂಟ ಕೀಳಬೇಕಿತ್ತಲ್ಲ? ಕೀಳಲಿಲ್ಲ. ಕೊಡತಿ ತಂದು ಇನ್ನೂ ಆಳಕ್ಕೆ ಹೊಡೆದರು. ವಾರದೊಳಗೆ ಇನ್ನಿಬ್ಬರು ಬೊಂಬೆಗಳಾದರು.

ದೇವೀರಿ ಅರಮನೆಗೆ ಬಟ್ಟೆ ಒಪ್ಪಿಸಿ ಒಂದು ಸಂಜೆ ಬಂದು ನೋಡುತ್ತಾಳೆ, ತಮ್ಮ ಮಡಿಯ ನಟ್ಟನಡುವೆ ಗೂಟ ನಿಂತಿದೆ. ಆಚೆ ಅರ್ಧದಲ್ಲಿ ಹೀರೆಬಳ್ಳಿ ತೋಳುದ್ದದ ಕಾಯಿ ಬಿಟ್ಟಿದೆ. ಈಚೆ ಅರ್ಧದಲ್ಲಿ ಎಲೆ ಮುದುಡುತ್ತಿದೆ.

"ಇದನ್ನ ಯಾರು ಹೊಡೆದದ್ದು ಅಕ್ಕಾ?"

ತಾಯಕ್ಕ ಕಳೆ ಕೀಳುತ್ತಲೇ ಇದ್ದಳು. "ಸುತ್ತಲಿನವರು ನಮ್ಮನ್ನ ಹೀರ್ತಿದ್ರು. ಇಬ್ಬರೂ ಒಣಗೋ ಬದಲು ಒಬ್ಬಳಾದರೂ ಉಳೀಲಿ ಅಂತ."

"ಆ ಒಬ್ಬಳು ನೀನೇ ಅಂತ ಯಾರು ಹೇಳಿದ್ರು?"

"ನನಗೆ ಮಕ್ಕಳಿದ್ದಾರೆ ಕಣೇ. ನಿನಗೆ ಯಾರಿದ್ದಾರೆ?"

ಆ ಮಾತು ಕೇಳುವವರೆಗೂ ತನಗೊಬ್ಬಳು ಇದ್ದಾಳೆ ಎಂದೇ ದೇವೀರಿ ನಂಬಿದ್ದಳು. ಅವಳು ಗೂಟಕ್ಕೆ ಕೈ ಹಾಕಿದಳು. ಕೈ ಸುಟ್ಟಿತು. ಹೊಡೆದವರಲ್ಲದೆ ಬೇರೆಯವರು ಅದನ್ನು ಕೀಳುವಂತಿರಲಿಲ್ಲ.

"ಕಿತ್ತುಹಾಕು ಅಕ್ಕಾ."

"ಎಲ್ಲರೂ ಕಿತ್ತರೆ ನಾನೂ ಕೀಳ್ತೀನಿ."

ದೇವೀರಿ ಮನೆಮನೆಗೂ ಹೋಗಿ ಬೇಡಿದಳು. ಮನೆಮನೆಯಲ್ಲೂ ಅದೇ ಉತ್ತರ. ಬೆಳಗಾಗುವಷ್ಟರಲ್ಲಿ ಅವಳ ಪಾದಗಳು ಹುಲ್ಲಾಗಿದ್ದವು. ಗುದ್ದಲಿಯನ್ನು ಊರಿಕೊಂಡು ಹೊಗೆಬೆಟ್ಟದ ದಾರಿ ಹಿಡಿದಳು.

ಬೆಟ್ಟದ ಬುಡದಲ್ಲಿ ಕಬ್ಬಿಣದ ಕೋರೆಯ ಕಾಡುಹಂದಿ ಅಡ್ಡ ನಿಂತಿತು. "ಈ ಕಲ್ಲುಹೊಲವನ್ನು ಹೊತ್ತು ನೆತ್ತಿಗೇರುವುದರೊಳಗೆ ಅಗೆದು ಮುಗಿಸು. ಇಲ್ಲದಿದ್ದರೆ ನಿನ್ನನ್ನು ಸೀಳುತ್ತೇನೆ." ಹನ್ನೆರಡು ಮನೆಯವರು ಸೇರಿ ಮಾಡುವ ಕೆಲಸ. ದೇವೀರಿ ಒಬ್ಬಳೇ ಅಗೆದಳು. ಅಂಗೈ ಒಡೆದು ಗುದ್ದಲಿಯ ಹಿಡಿ ಕೆಂಪಾಯಿತು. ಹಂದಿ ಪಕ್ಕಕ್ಕೆ ಸರಿಯಿತು.

ಬೆಟ್ಟದ ನಡುವೆ ಏಳು ಹೆಡೆಯ ಹಾವು ಅವಳನ್ನು ಸುತ್ತಿಕೊಂಡಿತು. "ಯಾಕೆ ಬಂದೆ? ಸುಳ್ಳು ಹೇಳಿದರೆ ಬಿಗಿಯುತ್ತೇನೆ."

"ಕೇರಿಯನ್ನು ಉಳಿಸಲು."

ಹಾವು ಬಿಗಿಯಿತು.

"ಬೊಂಬೆಯಾದವರನ್ನು ಬಿಡಿಸಲು."

ಹಾವು ಇನ್ನೂ ಬಿಗಿಯಿತು. ಪಕ್ಕೆಲುಬು ಲಟಕ್ಕೆಂದಿತು.

"ತಾಯಕ್ಕ ನನ್ನ ಮುಂದೆ ತಲೆ ತಗ್ಗಿಸಿ ನಿಲ್ಲಬೇಕು! ಅದಕ್ಕೇ ಬಂದೆ!"

ಹಾವು ಸಡಿಲಾಗಿ ದಾರಿ ಬಿಟ್ಟಿತು. ತನ್ನ ಬಾಯಿಂದ ಬಂದ ಮಾತಿಗೆ ದೇವೀರಿಯೇ ಬೆಚ್ಚಿದಳು. ಆದರೂ ಹತ್ತಿದಳು. ಅಷ್ಟು ಹೊತ್ತಿಗೆ ಅವಳು ಸೊಂಟದವರೆಗೆ ಹುಲ್ಲಾಗಿದ್ದಳು.

ಬೆಟ್ಟದ ತುದಿಯಲ್ಲಿ ಉಗ್ರಜಟಿ ಗವಿಯ ಬಾಗಿಲಲ್ಲಿ ಕೂತು ಅವಳಿಗಾಗಿಯೇ ಕಾಯುತ್ತಿದ್ದ. ಕೈಯಲ್ಲಿ ಒಂದೇ ಒಂದು ಗೂಟ. ಉಳಿದವುಗಳಿಗಿಂತ ಕಪ್ಪು, ಉಳಿದವುಗಳಿಗಿಂತ ಉದ್ದ.

"ಇದು ಎಲ್ಲ ಗೂಟಗಳ ತಾಯಿ. ನಿನ್ನ ಅರ್ಧ ಮಡಿಗೆ ಹೊಡೆದುಕೋ. ಕೇರಿಯ ಸಾರವೆಲ್ಲ ನಿನಗೆ ಬರುತ್ತದೆ. ನಿನ್ನ ಕಾಲು ನಿನಗೆ, ಆ ತಾಯಕ್ಕನ ಒಣಹುಲ್ಲು ನನಗೆ. ಏನಂತೀಯ?"

ದೇವೀರಿ ಗೂಟವನ್ನು ಕೈಗೆ ತೆಗೆದುಕೊಂಡಳು. ಬೇಡ ಅನ್ನಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ. ತಾಯಕ್ಕ ಕೈಚಾಚಿ ನಿಂತಂತೆ, ಅವಳ ತಲೆಯ ಮೇಲೆ ಕಾಗೆ ಕೂತಂತೆ ಕಣ್ಣಮುಂದೆ ಬಂತು. ಅದನ್ನು ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಆ ಬೊಂಬೆಯ ಕಾಲಬಳಿ ತಾಯಕ್ಕನ ಕಿರಿಮಗಳು ಬಂದು ಕೂತಂತೆ ಕಂಡಿತು, ಬಾಚದ ತಲೆ ಕೆದರಿಕೊಂಡು.

ದೇವೀರಿ ಗೂಟವನ್ನು ಅಲ್ಲೇ, ತನಗೂ ಮಂತ್ರವಾದಿಗೂ ನಡುವಿನ ಮಣ್ಣಿಗಿಟ್ಟು ಗುದ್ದಲಿಯ ಹಿಂಬದಿಯಿಂದ ಒಂದೇಟು ಹೊಡೆದಳು.

"ಈಚೆ ನಾನು, ಆಚೆ ನೀನು," ಅಂದಳು.

ಮತ್ತೊಂದೇಟು. ಹುಲ್ಲಾಗಿದ್ದ ಅವಳ ಸೊಂಟದಲ್ಲಿ ಮತ್ತೆ ರಕ್ತ ಹರಿಯಿತು, ಅವನ ಕೈ ಹುಲ್ಲಾಯಿತು. ಮೂರನೆಯ ಏಟಿಗೆ ಅವಳ ಪಾದ ಬೆಚ್ಚಗಾಯಿತು, ಅವನ ಎದೆ ಹುಲ್ಲಾಯಿತು. ನಾಲಿಗೆ ಒಣಗುವ ಮುಂಚೆ ಅವನು ನಕ್ಕ. "ಗೂಟಕ್ಕೆ ಮಾತ್ರ ಮಾಯೆ ಹಾಕಿದ್ದೆ ಕಣೇ ಹುಡುಗಿ. ಅವರ ಮನಸ್ಸನ್ನು ನಾನು ಮುಟ್ಟಲೇ ಇಲ್ಲ."

ಗಾಳಿ ಬೀಸಿತು. ಉಗ್ರಜಟಿ ಹುಲ್ಲೆಸಳಾಗಿ ಹಾರಿಹೋದ.

ದೇವೀರಿ ಕೇರಿಗೆ ಮರಳಿದಾಗ ಗೂಟಗಳೆಲ್ಲ ಬೂದಿಯಾಗಿದ್ದವು. ಬೊಂಬೆಯಾದವರು ಮತ್ತೆ ಮನುಷ್ಯರಾಗಿದ್ದರು. ರಾಜ ವಾದ್ಯದವರನ್ನೂ ಬೆಲ್ಲದ ಗಾಡಿಯನ್ನೂ ಕಳಿಸಿದ್ದ. ರಾಚಣ್ಣನ ಮಡಿಯನ್ನು ಹೀರಿದವನೇ ರಾಚಣ್ಣನನ್ನು ಅಪ್ಪಿಕೊಂಡು ಅಳುತ್ತಿದ್ದ. "ಎಲ್ಲ ಆ ಪಾಪಿಯ ಮಾಯೆ, ನಮ್ಮದೇನಿದೆ!" ಎಂದು ಎಲ್ಲರೂ ಎಲ್ಲರಿಗೂ ಹೇಳುತ್ತಿದ್ದರು.

ತಾಯಕ್ಕ ರೊಟ್ಟಿ, ಬದನೆಕಾಯಿ ಪಲ್ಯ ಹಿಡಿದು ಬಂದಳು. ತಲೆ ತಗ್ಗಿಸಿ ನಿಂತಳು. ದೇವೀರಿ ಬೇಕೆಂದು ಕೇಳಿದ್ದು ಸಿಕ್ಕಿತ್ತು. ಅದರಿಂದ ಅವಳಿಗೆ ಏನೂ ಆಗಲಿಲ್ಲ.

"ಆ ಹಾಳಾದವನು ನನ್ನ ಬುದ್ಧಿ ಕೆಡಿಸಿದ್ದ ಕಣೇ. ಇಲ್ಲದಿದ್ರೆ ನಾನು ಹಂಗೆ ಮಾಡ್ತಿದ್ನಾ? ನೀನೇ ಹೇಳು."

ಗವಿಯ ಬಾಗಿಲಲ್ಲಿ ಕೇಳಿದ ಮಾತು ದೇವೀರಿಯ ನಾಲಿಗೆಯ ತುದಿಗೆ ಬಂತು. ಕೇರಿಯವರೆಲ್ಲ ಅವಳ ಬಾಯನ್ನೇ ನೋಡುತ್ತಿದ್ದರು.

"ಹೌದಕ್ಕಾ," ಅಂದಳು. "ಎಲ್ಲ ಅವನದೇ ಕೆಲಸ."

ತಾಯಕ್ಕ ಸಮಾಧಾನದಿಂದ ಉಸಿರುಬಿಟ್ಟಳು. ದೇವೀರಿ ರೊಟ್ಟಿ ತಿಂದಳು. ಉಪ್ಪು ಖಾರ ಯಾವುದೂ ಗೊತ್ತಾಗಲಿಲ್ಲ.

ಅಲ್ಲಿಂದಾಚೆ ಕುಂದಣಪುರಿಯಲ್ಲಿ ಬೆಳೆಗೆ ಕೊರತೆಯಾಗಲಿಲ್ಲ, ಮಾಯೆಯ ಕಾಟವೂ ಬರಲಿಲ್ಲ, ಮಗ್ಗದ ಕೇರಿಯವರು ಹೊಟ್ಟೆತುಂಬ ಉಂಡು ಸುಖವಾಗಿದ್ದರು. ಮರುವರ್ಷ ಅವರೆ ಹೂಬಿಡುವ ಹೊತ್ತಿಗೆ ತಾಯಕ್ಕ ಜ್ವರ ಬಂದು ಹದಿನೈದು ದಿನ ಮಲಗಿದಳು. ಆ ಹದಿನೈದು ದಿನವೂ ದೇವೀರಿ ಮಡಿಯ ಎರಡೂ ಅರ್ಧಕ್ಕೆ ನೀರು ಹಾಕಿದಳು, ಕಳೆ ಕಿತ್ತಳು, ಹುಳ ಆಯ್ದಳು. ಕೊಡವನ್ನು ತೊಳೆದು ತಾಯಕ್ಕನ ಜಗಲಿಯ ಮೇಲೆ ಬೋರಲು ಹಾಕುತ್ತಿದ್ದಳು. ಒಳಗೆ ಹೋಗಿ ಹೇಗಿದ್ದೀಯ ಎಂದು ಒಂದು ದಿನವೂ ಕೇಳಲಿಲ್ಲ.