ಈ ಸಲ ಬಾರದ ಕೆಮ್ಮು

ಹಕ್ಕಿ ಎಣಿಸುವುದಕ್ಕೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಎಣಿಸುತ್ತಿರುವಾಗಲೇ ಹಿಂಡು ಎದ್ದು ಹಾರಿದರೆ ಬರೆದದ್ದನ್ನೆಲ್ಲ ಹೊಡೆದುಹಾಕಿ, ಅವು ಮತ್ತೆ ನೀರಿಗಿಳಿಯುವವರೆಗೆ ಕಾದು, ಒಂದರಿಂದ ಶುರುಮಾಡಬೇಕು.

ಹಿಟ್ನಾಳದ ಹೈಸ್ಕೂಲ್ ಮಾಸ್ತರ ಪ್ರಭುರಾಜನಿಗೆ ಈ ನಿಯಮದ ಮೇಲೆ ಎಲ್ಲಿಲ್ಲದ ಪ್ರೀತಿ. ಮೂರು ವರ್ಷದಿಂದ ಪ್ರತಿ ಜನವರಿಗೂ ಅವನು ಆನೆಗೊಂದಿ ಗುಡ್ಡಗಳ ನಡುವಿನ ಕೆರೆಗೆ ಎಣಿಕೆಗೆಂದು ಬರುತ್ತಿದ್ದ. ಫಾರೆಸ್ಟ್ ಗಾರ್ಡ್ ಸುರೇಖಾ ಬೈನಾಕ್ಯುಲರ್‌ನಲ್ಲಿ ನೋಡಿ ಹೇಳುವವಳು, ಅವನು ಬರೆದುಕೊಳ್ಳುವವನು. ನೋಡುವವರು ಕಣ್ಣು ತೆಗೆಯುವಂತಿಲ್ಲ. ಹಾಗಾಗಿ ಅವಳ ಕಿವಿಯೋಲೆ, ಬಿಸಿಲಿಗೆ ಕೆಂಪೇರಿದ ಕೆನ್ನೆ, ಎಲ್ಲವನ್ನೂ ಪುಣ್ಯಾತ್ಮ ನಿರಾತಂಕವಾಗಿ ನೋಡುತ್ತಿದ್ದ. ಇನ್ನೇನು ಮುಗಿಯಿತು ಅನ್ನುವಾಗ ಅವನಿಗೆ ತಪ್ಪದೆ ಕೆಮ್ಮು ಬರುತ್ತಿತ್ತು. ಪಟ್ಟೆತಲೆ ಬಾತುಗಳು ದಡಬಡಿಸಿ ಏಳುತ್ತಿದ್ದವು. ಅವಳು ಹುಸಿಮುನಿಸಿನಲ್ಲಿ ತಿರುಗಿ, ತುಟಿಯಂಚಿನ ನಗು ಅಡಗಿಸಿಕೊಂಡು ಬುತ್ತಿ ಬಿಚ್ಚುತ್ತಿದ್ದಳು. ರೊಟ್ಟಿ, ಶೇಂಗಾ ಚಟ್ನಿ, ಜೊತೆಗೆ ಇನ್ನೆರಡು ತಾಸಿನ ಮಾತು.

ಈ ವರ್ಷ ಗುಡ್ಡ ಹತ್ತುವಾಗಲೇ ಅವಳು ಸುದ್ದಿ ಹೇಳಿದಳು. ಕುಷ್ಟಗಿಯಿಂದ ಸಂಬಂಧ ಬಂದಿದೆ. ಎಣಿಕೆ ಮುಗಿದ ಕೂಡಲೇ ಕನಕಗಿರಿಯಲ್ಲಿರುವ ಅಪ್ಪನಿಗೆ ಫೋನಿನಲ್ಲಿ ಉತ್ತರ ಹೇಳಬೇಕು.

ಹೇಳಿ ಅವನ ಮುಖವನ್ನೇ ನೋಡಿದಳು. ಅವನು ಕೆರೆ ನೋಡಿದ. ಒಳ್ಳೆಯ ಮನೆತನವಂತೆ, ನಾನ್ಯಾಕೆ ಅಡ್ಡಗಾಲು ಹಾಕಲಿ, ಬೇಗ ಮುಗಿಸಿ ಕಳಿಸುವುದೇ ಮರ್ಯಾದೆ ಅಂದುಕೊಂಡ. ಕೆಮ್ಮು ನುಂಗಿಕೊಂಡು ಕುಳಿತ. ಅವಳು ಅಂದು ಬಹಳ ನಿಧಾನವಾಗಿ ಎಣಿಸಿದಳು, ನಡುನಡುವೆ ಸುಮ್ಮನಾಗಿ ಕಾದಳು. ಕೊನೆಗೆ ಇನ್ನೂರ ಹದಿನಾಲ್ಕು ಎಂದಳು. ಒಂದು ಹಕ್ಕಿಯೂ ಏಳಲಿಲ್ಲ.

ಹಾಳೆಗೆ ಸಹಿ ಹಾಕಿ, ಬಂಡೆಯ ಆಚೆ ಹೋಗಿ ಫೋನ್ ಮಾಡಿ ಬಂದಳು. ಕಣ್ಣು ಒದ್ದೆಯಾಗಿತ್ತು.

"ಸರ್, ಈ ಸಲ ಯಾಕ ಕೆಮ್ಮಲಿಲ್ರಿ?"

"ನಿಮಗ ತಡಾ ಆಗಬಾರ್ದು ಅಂತ."

"ಅದೊಂದು ಕೆಮ್ಮಿಗೆ ಕಾಯಾಕ ಹತ್ತಿದ್ನಿರಿ. ಬಂದಿದ್ರ ಅಪ್ಪಗ ಒಲ್ಲೆ ಅಂತಿದ್ನಿ." ಅವಳು ಬೈನಾಕ್ಯುಲರ್‌ನ ದಾರ ಸುತ್ತುತ್ತ ನಿಂತಳು. "ಈಗ ಹೂಂ ಅಂದೇನಿ. ಅಪ್ಪ ಕುಷ್ಟಗಿಯವರಿಗೆ ಮಾತು ಕೊಟ್ಟಾನ."

ಪ್ರಭುರಾಜ ಕುಳಿತಲ್ಲಿಂದ ಎದ್ದು ನಿಂತ. ಮೂರು ವರ್ಷದಲ್ಲಿ ಮೊದಲ ಸಲ ಮೇಡಂ ಅನ್ನುವುದನ್ನು ಬಿಟ್ಟು ಹೆಸರು ಹಿಡಿದು ಕರೆದ.

"ನೀವಂದ್ರ ನನಗ ಜೀವ, ಸುರೇಖಾ. ಬಾಯಿ ಬಿಟ್ಟು ಹೇಳಾಕ ಬರಲಿಲ್ಲ."

ಗೊತ್ತಿತ್ತು ಅನ್ನುವಂತೆ ತಲೆಯಾಡಿಸಿದಳು. ಬುತ್ತಿಯ ಗಂಟನ್ನು ಬಿಚ್ಚದೆಯೇ ಅವನ ಕೈಗಿತ್ತು, ಉಂಡು ಹೋಗಿರೆಂದು ಹೇಳಿ ಇಳಿಯತೊಡಗಿದಳು.

ಅವಳು ಅರ್ಧ ದಾರಿಗೆ ಹೋಗಿರಬೇಕು, ಅವನು ತಡೆದಿಟ್ಟಿದ್ದ ಕೆಮ್ಮು ಅಳುವಿನ ಜೊತೆಗೇ ಬಂತು. ಇನ್ನೂರ ಹದಿನಾಲ್ಕೂ ಒಟ್ಟಿಗೆ ಎದ್ದವು. ಸುರೇಖಾ ನಿಂತಳು. ತಲೆಯೆತ್ತಿ, ಅವು ಗುಡ್ಡ ಸುತ್ತಿ ಬಂದು ಮತ್ತೆ ನೀರಿಗಿಳಿಯುವವರೆಗೂ ನೋಡಿದಳು. ಆಮೇಲೆ ಸಹಿಯಾದ ಹಾಳೆಯಿದ್ದ ಚೀಲವನ್ನು ಹೆಗಲಿಗೇರಿಸಿಕೊಂಡು ಕೆಳಗಿಳಿದಳು.