ಒಂದೂ ತಪ್ಪಿಲ್ಲದ ಅರ್ಜಿ

ನಂದೀಶನ ಅರ್ಜಿಗಳಲ್ಲಿ ‘ತಾಯಿಯ ಹೆಸರು’ ಎಂಬ ಕಾಲಂ ಬಂದಾಗಲೆಲ್ಲ ಅನುಸೂಯಮ್ಮ ತನ್ನ ಕೈಯಾರೆ ‘ಮಮತ’ ಎಂದು ಟೈಪ್ ಮಾಡುತ್ತಿದ್ದಳು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮಮತ, ಜಾತಿ ಪ್ರಮಾಣಪತ್ರಕ್ಕೆ ಮಮತ, ಪಾಸ್‌ಪೋರ್ಟಿಗೂ ಮಮತ. ಮಮತ ತೀರಿಕೊಂಡಾಗ ನಂದೀಶನಿಗೆ ಮೂರು ವರ್ಷ. ಅವನಿಗೆ ನಾಲ್ಕು ತುಂಬುವ ಹೊತ್ತಿಗೆ ಅನುಸೂಯಮ್ಮ ಅವನ ಅಪ್ಪ ಸಂಜೀವಪ್ಪನ ಎರಡನೆಯ ಹೆಂಡತಿಯಾಗಿ ಆ ಮನೆಗೆ ಬಂದಿದ್ದಳು. ಆವತ್ತು ಅಜ್ಜಿ ಮಗುವನ್ನು ಮುಂದಕ್ಕೆ ತಳ್ಳಿ ‘ಚಿಕ್ಕಮ್ಮ ಅನ್ನು’ ಎಂದಳು. ಮಗು ಅಂದಿತು. ಹದಿನೆಂಟು ವರ್ಷದಿಂದ ಅದನ್ನೇ ಅನ್ನುತ್ತಿದೆ.

ಅವನು ಕೆಟ್ಟವನೇನಲ್ಲ. ಎದುರು ಮಾತಾಡಿದವನಲ್ಲ, ಹಾಕಿದ ಊಟಕ್ಕೆ ಹೆಸರಿಟ್ಟವನಲ್ಲ. ಆದರೆ ಆ ಮನೆಯಲ್ಲಿ ‘ಅಮ್ಮ’ ಎಂಬ ಮಾತು ಕೇಳಿಬಂದದ್ದು ಅವನ ಮೈಮೇಲೆ ಅಮ್ಮ ಎದ್ದಾಗ ಮಾತ್ರ. ಆಗ ಬೇವಿನ ಸೊಪ್ಪು ಹಾಸಿ, ಹನ್ನೊಂದು ದಿನ ಪಕ್ಕದಲ್ಲಿ ಕೂತು, ಕೆರೆಯಲು ಹೋದ ಕೈಯನ್ನು ಹಿಡಿದಿಟ್ಟುಕೊಂಡವಳು ಅನುಸೂಯಮ್ಮ. ಹನ್ನೆರಡನೆಯ ದಿನ ತಲೆಗೆ ನೀರು ಹಾಕಿಸಿಕೊಂಡ ಹುಡುಗ ‘ಸಾಕು ಚಿಕ್ಕಮ್ಮ, ಕಣ್ಣುರಿ’ ಅಂದ. ಅವಳಿಗೆ ಸ್ವಂತ ಮಕ್ಕಳಾಗಲಿಲ್ಲ. ಆಗಲಿಲ್ಲವೆಂದು ಅವಳು ಅತ್ತಿದ್ದೂ ಇಲ್ಲ. ಅಳು ಬರುತ್ತಿದ್ದದ್ದು ‘ಅಮ್ಮ’ ಎಂಬ ಆ ಒಂದು ಮಾತಿಗೆ.

ಹೊಸಕೋಟೆ ತಾಲ್ಲೂಕು ಕಚೇರಿಯ ಎದುರಿನ ಗಲ್ಲಿಯಲ್ಲಿ ಅವಳದೊಂದು ಅಂಗಡಿ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಹೆಬ್ಬೆಟ್ಟು ಒತ್ತುವ ಒಂದು ಯಂತ್ರ. ಪಹಣಿ, ಪಡಿತರ ಚೀಟಿ, ಪಿಂಚಣಿ, ಪಾಸ್‌ಪೋರ್ಟು, ಏನೇ ಇರಲಿ, ‘ಅರ್ಜಿ ಅನುಸೂಯಮ್ಮ’ ತುಂಬಿದ ಅರ್ಜಿ ತಿರಸ್ಕೃತವಾಗಿ ವಾಪಸು ಬಂದದ್ದಿಲ್ಲ ಎಂಬ ಮಾತು ಸುತ್ತಮುತ್ತಲ ಹಳ್ಳಿಗಳಲ್ಲಿತ್ತು. ಇನಿಷಿಯಲ್ ಮುಂದೆಯೋ ಹಿಂದೆಯೋ, ಅಪ್ಪನ ಹೆಸರಿನಲ್ಲಿ ಎಷ್ಟು ‘ಪಿ’, ಎಲ್ಲ ಅವಳ ಬೆರಳಿನ ತುದಿಯಲ್ಲಿ. ಸರ್ಕಾರ ಮನುಷ್ಯನ ಮುಖ ನೋಡುವುದಿಲ್ಲ, ಕಾಲಂ ನೋಡುತ್ತದೆ ಎಂದು ಅವಳು ಬಂದವರಿಗೆಲ್ಲ ಪಾಠ ಹೇಳುತ್ತಿದ್ದಳು.

ಎರಡು ವರ್ಷದ ಹಿಂದೆ ಸಂಜೀವಪ್ಪ ಕಾರ್ಖಾನೆಯಲ್ಲೇ ಎದೆ ಹಿಡಿದುಕೊಂಡು ಕುಸಿದು ಹೋದ. ತಿಥಿಯ ಊಟ ಮುಗಿದು ನೆಂಟರೆಲ್ಲ ಬಸ್ಸು ಹತ್ತಿದ ಮೇಲೆ ಅನುಸೂಯಮ್ಮನಿಗೆ ಮೊದಲ ಬಾರಿ ಆ ಭಯ ಹುಟ್ಟಿತು. ಗಂಡನೇ ಇಲ್ಲದ ಮೇಲೆ ಗಂಡನ ಮಗ ತನಗೆ ಏನಾಗಬೇಕು? ನಾಳೆ ಎಲ್ಲಾದರೂ ಹೋದರೆ ಅವನು ಯಾರಿಗೋಸ್ಕರ ವಾಪಸು ಬರಬೇಕು? ಅದಕ್ಕೆ ಯಾವ ಕಾಲಮ್ಮಿನಲ್ಲೂ ಉತ್ತರವಿರಲಿಲ್ಲ.

ಅವನು ಹೊರಟಿದ್ದಾದರೂ ಎಲ್ಲಿಗೆ! ದೇವನಹಳ್ಳಿ ರಸ್ತೆಯಲ್ಲಿ ದುಬಾರಿ ಕಾರುಗಳಿಗೆ ಪಾಲಿಷ್ ಹೊಡೆಯುವ ಕೆಲಸದಲ್ಲಿದ್ದ ನಂದೀಶನಿಗೆ, ಕಾರಿನ ಒಡೆಯನೊಬ್ಬ ಮೊಬೈಲಿನಲ್ಲಿ ಸೂಪರ್‌ಯಾಟ್ ತೋರಿಸಿದ್ದ. ಸಾಹುಕಾರರು ಬರೀ ತಮ್ಮ ಖುಷಿಗೆ ಇಟ್ಟುಕೊಳ್ಳುವ ಹಡಗು, ಇವರ ಬೀದಿಯಷ್ಟು ಉದ್ದ. ಅದನ್ನು ತೊಳೆದು, ಒರೆಸಿ, ಹಗ್ಗ ಎಳೆದು ಕಟ್ಟಲು ಡೆಕ್ಕಿನ ಹುಡುಗರು ಬೇಕು. ಅಂದಿನಿಂದ ಅವನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ಮಂಗಳೂರಿಗೆ ಹೋಗಿ ಎರಡು ವಾರ ತರಬೇತಿ ಪಡೆದ. ಉರಿಯುವ ಡಬ್ಬ ಆರಿಸಿದ, ಎತ್ತರದಿಂದ ನೀರಿಗೆ ಜಿಗಿದ, ಮಗುಚಿದ ರಬ್ಬರ್ ದೋಣಿಯನ್ನು ಒಬ್ಬನೇ ನೆಟ್ಟಗೆ ಮಾಡಿದ. ಈಜು ಮಾತ್ರ ಮೊದಲೇ ಬರುತ್ತಿತ್ತು. ಅದನ್ನು ಕಲಿಸಿದವನು ಜಡಿಗೇನಹಳ್ಳಿಯಲ್ಲಿರುವ ಮಮತಳ ಅಣ್ಣ ಬೈಲಪ್ಪ.

‘ಅಲ್ಲಿ ಚಪ್ಪಲಿ ಹಾಕ್ಕೊಂಡ್ ಓಡಾಡಂಗಿಲ್ಲ ಚಿಕ್ಕಮ್ಮ. ಎಲ್ಲಾ ಬರಿಗಾಲೇ. ಕಂಬಿ ಮೇಲೆ ಒಂದು ನೀರಿನ ಹನಿ ಕಲೆ ಇದ್ರೂ ಉಗೀತಾರಂತೆ.’

‘ಮನೇಲಿ ಒಂದು ಲೋಟ ತೊಳೀದೋನು, ಯಾರ್ದೋ ಹಡಗು ಒರ್ಸಕ್ಕೆ ಸಮುದ್ರ ದಾಟ್ತೀಯೇನೋ?’

‘ಲೋಟ ತೊಳೆಯಕ್ಕೆ ನೀನಿದ್ದೀಯಲ್ಲ’ ಎಂದು ನಕ್ಕಿದ್ದ ನಂದೀಶ.

ಕೆಲಸ ಹುಡುಕುವ ನಾಲ್ಕು ತಿಂಗಳು ಅವಳೇ ಅವನ ಗುಮಾಸ್ತೆ. ಹಿಂದೆ ಬಿಳಿ ಬಟ್ಟೆ ಇಳಿಬಿಟ್ಟು, ಬಿಳಿ ಟೀ ಶರ್ಟು ತೊಡಿಸಿ, ‘ಹಲ್ಲು ಕಾಣಂಗೆ ನಗೋ, ಅವರಿಗೆ ನಗೋರೇ ಬೇಕಂತೆ’ ಎಂದು ಫೋಟೋ ತೆಗೆದವಳು ಅವಳು. ತೊಂಬತ್ತು ಕಡೆಗೆ ಅರ್ಜಿ ಕಳಿಸಿದವಳೂ ಅವಳೇ. ಒಂದೊಂದನ್ನೂ ತಪ್ಪಿಲ್ಲದಂತೆ ತುಂಬಿದಳು, ಒಂದೂ ಫಲಿಸದಿರಲಿ ಎಂದು ಹರಕೆ ಹೊತ್ತಳು. ಹರಕೆಗಿಂತ ಅರ್ಜಿ ಗಟ್ಟಿಯಾಗಿತ್ತು. ಮಂಗಳೂರಿನ ಏಜೆನ್ಸಿಯವರು ಕರೆದು ಸಂದರ್ಶನ ಮಾಡಿ, ಇಟಲಿಯ ಬಂದರಿನಲ್ಲಿ ನಿಂತಿರುವ ಒಂದು ಹಡಗಿಗೆ ಅವನನ್ನು ಆರಿಸಿಯೇಬಿಟ್ಟರು. ಟಿಕೆಟ್ಟು ಬರುವುದೊಂದೇ ಬಾಕಿ.

ಆ ಭಾನುವಾರ ಬೆಳಿಗ್ಗೆ ಅವನು ಮಹಡಿಯ ಮೇಲೆ ನಿಂತು ಬೈಲಪ್ಪನೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದ. ಅನುಸೂಯಮ್ಮ ಒಗೆದ ಬಟ್ಟೆ ಹಿಡಿದು ಮೆಟ್ಟಿಲ ಮೇಲಿದ್ದಳು. ‘ಇಲ್ಲಿ ಇನ್ನೇನಿದೆ ಮಾವ ನಂಗೆ?’ ಅಂದ ಅವನು. ಅಷ್ಟೇ ಕೇಳಿಸಿದ್ದು. ಅಷ್ಟು ಸಾಕಾಗಿತ್ತು. ಬಟ್ಟೆಯನ್ನು ಮೆಟ್ಟಿಲ ಮೇಲೇ ಬಿಟ್ಟು ಕೆಳಗಿಳಿದು ಬಂದಳು. ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಸ್ವಲ್ಪ ಹೊತ್ತಿಗೆ ಎದ್ದು ಮುಖ ತೊಳೆದುಕೊಂಡಾಗ, ಮಾಡಬೇಕಾದ್ದೇನೆಂಬುದು ಅವಳಿಗೆ ನಿಚ್ಚಳವಾಗಿತ್ತು.

ಅರ್ಜಿ ಹಾಕಿ ಕೊಡಿಸಿದ ಕೆಲಸವನ್ನು ಅರ್ಜಿ ಹಾಕಿಯೇ ಬಿಡಿಸಬಹುದು. ಏಜೆನ್ಸಿಯ ವೆಬ್‌ಸೈಟಿನಲ್ಲಿ ‘ಕೆಲಸದಿಂದ ಹಿಂದೆ ಸರಿಯುವವರಿಗೆ’ ಎಂದು ಒಂದು ಫಾರಂ ಇತ್ತು. ಇವನು ಬರುವುದಿಲ್ಲವೆಂದು ತಿಳಿದರೆ ಮೂರನೇ ದಿನಕ್ಕೆ ಆ ಜಾಗ ಇನ್ನೊಬ್ಬನಿಗೆ. ಬೇರೆಯವರ ಹೆಸರಿನಲ್ಲಿ ಅರ್ಜಿ ಹಾಕುವುದು ಶಿಕ್ಷಾರ್ಹ ಅಪರಾಧ ಎಂದು ಅವಳ ಅಂಗಡಿಯ ಗೋಡೆಯ ಮೇಲೇ ಬರೆದು ಅಂಟಿಸಿತ್ತು. ಅದನ್ನು ಟೈಪ್ ಮಾಡಿದವಳೂ ಅವಳೇ. ಆದರೆ ಅಪರಾಧವಾಗಿದೆ ಎಂದು ಯಾರಿಗಾದರೂ ಗೊತ್ತಾದರಲ್ಲವೇ ಶಿಕ್ಷೆಯ ಮಾತು?

ಅವಸರಪಡಲಿಲ್ಲ. ಸಿಕ್ಕಿಬೀಳುವವರು ಏಕೆ ಸಿಕ್ಕಿಬೀಳುತ್ತಾರೆಂದು ಅವಳು ಕಂಡಿದ್ದಳು. ಯಾರೂ ನೋಡಬಾರದೆಂದು ಬೇರೆ ಊರಿನ ಬೇರೆ ಕಂಪ್ಯೂಟರಿಗೆ ಹೋಗುತ್ತಾರೆ, ಅದೇ ಅನುಮಾನಕ್ಕೆ ದಾರಿಯಾಗುತ್ತದೆ. ಅವಳು ತನ್ನ ಅಂಗಡಿಯ ಕಂಪ್ಯೂಟರಿನಿಂದಲೇ ಕಳಿಸುವುದೆಂದು ತೀರ್ಮಾನಿಸಿದಳು. ನಂದೀಶನ ತೊಂಬತ್ತು ಅರ್ಜಿ ಹೋದದ್ದು ಅಲ್ಲಿಂದಲೇ, ತೊಂಬತ್ತೊಂದನೆಯದೂ ಅಲ್ಲಿಂದಲೇ ಹೋದರೆ ಯಾರಿಗೇನು ಅನುಮಾನ? ಅವನ ಇಮೇಲ್ ತೆರೆದುಕೊಟ್ಟವಳು ಅವಳು, ಪಾಸ್‌ವರ್ಡ್ ಇಟ್ಟವಳು ಅವಳು. ಏಜೆನ್ಸಿಯಿಂದ ಬರುವ ಪತ್ರಗಳೆಲ್ಲ ಅವನ ಕಣ್ಣಿಗೆ ಬೀಳದೆ ನೇರ ಕಸದ ಪೆಟ್ಟಿಗೆಗೆ ಹೋಗುವ ಹಾಗೆ ಮಾಡಲು ಎರಡು ನಿಮಿಷ ಹಿಡಿಯಿತು.

ಸೋಮವಾರ ಬೆಳಿಗ್ಗೆ ನಂದೀಶ ಎಂದಿನಂತೆ ಫೋನನ್ನು ಅಂಗಡಿಯಲ್ಲಿ ಚಾರ್ಜಿಗೆ ಹಾಕಿ ಕೆರೆ ಏರಿಯ ಮೇಲೆ ಓಡಲು ಹೋದ. ಅವಳ ಬಳಿ ಮುಕ್ಕಾಲು ಗಂಟೆ ಇತ್ತು. ಮೊದಲು ಅವನ ಫೋನಿನಲ್ಲಿ ಏಜೆನ್ಸಿಯ ಎರಡೂ ನಂಬರುಗಳನ್ನು ಬ್ಲಾಕ್ ಮಾಡಿದಳು. ಖಾತ್ರಿ ಮಾಡಿಕೊಳ್ಳಲು ಅವರು ಎಷ್ಟು ಸಲ ಕರೆದರೂ ಈ ಕಡೆ ರಿಂಗಾಗಬಾರದು. ಆಮೇಲೆ ಫಾರಂ ತೆರೆದಳು. ಕಾರಣ ಕೇಳಿತು, ‘ಕುಟುಂಬದ ಕಾರಣಗಳಿಂದ’ ಎಂದು ಬರೆದಳು. ಬರೆದು, ಅದು ಸುಳ್ಳೇನೂ ಅಲ್ಲವಲ್ಲ ಎಂದುಕೊಂಡಳು.

ಅರ್ಜಿ ಹಾಕುತ್ತಿರುವವನು ನಂದೀಶನೇ ಹೌದೇ ಎಂದು ತಿಳಿಯಲು ಫಾರಂ ನಾಲ್ಕು ಪ್ರಶ್ನೆ ಕೇಳಿತು. ಪಾಸ್‌ಪೋರ್ಟ್ ಸಂಖ್ಯೆ ಅವಳಿಗೆ ಬಾಯಿಪಾಠ. ಹುಟ್ಟಿದ ದಿನ ಹೇಳಬೇಕೇ. ತರಬೇತಿ ಸರ್ಟಿಫಿಕೇಟಿನ ಸಂಖ್ಯೆಯನ್ನು ಕಪಾಟಿನ ಫೈಲಿನಿಂದ ನೋಡಿ ಹಾಕಿದಳು. ತುರ್ತು ಸಂದರ್ಭದಲ್ಲಿ ತಿಳಿಸಬೇಕಾದ ಹತ್ತಿರದ ಸಂಬಂಧಿ ಯಾರೆಂದು ಕೊನೆಯ ಪ್ರಶ್ನೆ. ಸಂದರ್ಶನದ ದಿನ ಅವರ ಮೇಜಿನ ಮುಂದೆಯೇ ಕೂತು ನಂದೀಶ ಈ ವಿವರ ಬರೆದುಕೊಟ್ಟಿದ್ದ, ಅದನ್ನು ಅವಳು ನೋಡಿರಲಿಲ್ಲ. ಅದನ್ನು ನೋಡಬೇಕಾದ ಅಗತ್ಯವೇನು? ಪಿತೃಪಕ್ಷ ಬಂದರೆ ಮಮತಳಿಗೆ ಎಡೆ ಇಡಲು ಅವನು ಓಡುವುದು ಯಾರ ಮನೆಗೆ, ಗುಟ್ಟು ಹೇಳಿಕೊಳ್ಳುವುದು ಯಾರ ಹತ್ತಿರ? ‘ಬೈಲಪ್ಪ, ಸೋದರಮಾವ’ ಎಂದು ಬರೆದಳು. ನಾಲ್ಕೂ ಉತ್ತರಗಳನ್ನು ಎರಡೆರಡು ಸಲ ಓದಿ, ಅವನ ಫೋನಿಗೆ ಬಂದ ಓಟಿಪಿ ಹಾಕಿ ಕಳಿಸಿದಳು. ಓಟಿಪಿ ಅಳಿಸಿದಳು. ಅವನು ಬೆವರು ಒರೆಸಿಕೊಳ್ಳುತ್ತಾ ಬಂದಾಗ ಅವಳು ಯಾರದೋ ಪಡಿತರ ಚೀಟಿಗೆ ಹೆಸರು ಸೇರಿಸುತ್ತಿದ್ದಳು.

ಎರಡು ದಿನ ಅವಳು ನೆಮ್ಮದಿಯಾಗಿರಲಿಲ್ಲ. ಅವನು ಸೂಟ್‌ಕೇಸಿಗೆ ಬಟ್ಟೆ ಮಡಚಿಡುವುದನ್ನು ಬಾಗಿಲಲ್ಲಿ ನಿಂತು ನೋಡಿದಳು. ಹೆತ್ತವಳಾಗಿದ್ದರೆ ಹೀಗೆ ಮಾಡುತ್ತಿದ್ದಳೇ? ಹೆತ್ತವಳಿಗೆ ಹೀಗೆ ಮಾಡಬೇಕಾಗಿಯೇ ಬರುತ್ತಿರಲಿಲ್ಲ ಎಂದು ತನಗೆ ತಾನೇ ಉತ್ತರ ಕೊಟ್ಟುಕೊಂಡಳು. ಜಾಗ ಬೇರೆಯವನಿಗೆ ಹೋಯಿತೆಂದು ತಿಳಿದ ದಿನ ಅವನು ಅಳುತ್ತಾನೆ. ಅಳಲಿ. ತಾನು ಪಕ್ಕದಲ್ಲಿ ಕೂತು ಬೆನ್ನು ಸವರುತ್ತೇನೆ, ಅಮ್ಮ ಎದ್ದಾಗ ಕೂತಿದ್ದ ಹಾಗೆ. ಆ ಗಳಿಗೆಯಲ್ಲಿ, ಬಾಯಿ ತಪ್ಪಿಯಾದರೂ, ಆ ಮಾತು ಬಂದುಬಿಟ್ಟರೆ? ಹಾಗೆ ಆಸೆಪಟ್ಟದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

ಬುಧವಾರ ಮಧ್ಯಾಹ್ನ ಅವಳು ಕೊಂಡಪ್ಪ ಎಂಬ ಮುದುಕರ ಸವೆದ ಹೆಬ್ಬೆಟ್ಟನ್ನು ಎರಡೂ ಕೈಯಿಂದ ಯಂತ್ರಕ್ಕೆ ಒತ್ತಿ ಹಿಡಿದಿದ್ದಳು. ನಂದೀಶ ಎದುರು ಕೂತು ಕುರ್ಚಿಯ ಕಾಲಿಗೆ ಹಗ್ಗದ ಗಂಟು ಹಾಕಿ ಬಿಚ್ಚಿ ಅಭ್ಯಾಸ ಮಾಡುತ್ತಿದ್ದ. ಅವಳ ಫೋನ್ ರಿಂಗಾಯಿತು. ಅವಳ ಕೈ ಬಿಡುವಿಲ್ಲದ್ದು ನೋಡಿ ನಂದೀಶನೇ ಸ್ಪೀಕರ್ ಒತ್ತಿದ.

‘ಅನುಸೂಯಮ್ಮನವರಾ? ನಾನು ಮಂಗಳೂರಿಂದ ಬಿಂದುಶ್ರೀ, ಹಡಗಿನ ಏಜೆನ್ಸಿಯಿಂದ. ನಂದೀಶ್ ಫೋನ್ ಎರಡು ದಿನದಿಂದ ಸಿಗ್ತಾ ಇಲ್ಲ. ಹಾಗಾಗಿ ನಿಮಗೆ ಮಾಡಿದ್ದು.’

‘ಮೇಡಂ, ನಾನು ನಂದೀಶ್, ಇಲ್ಲೇ ಇದ್ದೀನಿ!’

‘ಓ, ಒಳ್ಳೇದಾಯ್ತು. ಸೋಮವಾರ ನಿಮ್ಮ ಹೆಸರಲ್ಲಿ ಕೆಲಸ ಬೇಡ ಅಂತ ಒಂದು ಅರ್ಜಿ ಬಂದಿದೆ. ನೀವೇ ಹಾಕಿದ್ದಾ?’

‘ಅಯ್ಯೋ, ಇಲ್ಲ ಮೇಡಂ! ನಾನ್ಯಾಕ್ ಹಾಕ್ಲಿ?’

‘ನಮಗೂ ಅನುಮಾನ ಬಂತು. ನೀವು ಹೆದರಬೇಡಿ, ನಿಮ್ಮ ಜಾಗ ಹಾಗೇ ಉಂಟು. ಆದ್ರೆ ಹಾಕಿದವರ ಹತ್ರ ನಿಮ್ಮ ಪಾಸ್‌ಪೋರ್ಟ್ ನಂಬರು, ಸರ್ಟಿಫಿಕೇಟ್ ನಂಬರು ಎಲ್ಲ ಉಂಟು. ಒಂದೇ ಒಂದು ಉತ್ತರ ತಪ್ಪಿದೆ, ಅಷ್ಟೇ.’

ನಂದೀಶನ ಕೈಯಲ್ಲಿ ಹಗ್ಗ ನಿಂತಿತು. ಅವನಿನ್ನೂ ಅವಳತ್ತ ತಿರುಗಿರಲಿಲ್ಲ. ಅನುಸೂಯಮ್ಮ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಯಾರೋ ಸೈಬರ್ ಕಳ್ಳರು ಎಂದು ಎಲ್ಲರೂ ಮಾತಾಡಿಕೊಂಡು, ಠಾಣೆಯಲ್ಲೊಂದು ದೂರು ಬರೆದುಕೊಟ್ಟು ಮರೆತುಬಿಡುತ್ತಿದ್ದರು. ಆದರೆ ಅವಳ ಅರ್ಜಿಯಲ್ಲಿ ತಪ್ಪಿದೆ ಎಂದು ಇದುವರೆಗೆ ಯಾವ ತಹಶೀಲ್ದಾರನೂ ಹೇಳಿರಲಿಲ್ಲ.

‘ತಪ್ಪಾ? ಸಾಧ್ಯನೇ ಇಲ್ಲ’ ಅಂದಳು ಅನುಸೂಯಮ್ಮ. ‘ನಾಲ್ಕೂ ಎರಡೆರಡ್ ಸರ್ತಿ ಓದಿ ಹಾಕಿದೀನಿ.’

ಹೇಳಿದ ಮೇಲೆ ಅವಳಿಗೆ ತಾನೇನು ಹೇಳಿದೆನೆಂಬುದು ಕೇಳಿಸಿತು. ನಂದೀಶ ಈಗ ತಿರುಗಿ ಅವಳನ್ನೇ ನೋಡುತ್ತಿದ್ದ. ಇಂಥ ನೋಟವನ್ನು ಅವಳು ಹದಿನೆಂಟು ವರ್ಷದಲ್ಲಿ ಕಂಡಿರಲಿಲ್ಲ. ಆ ಕಡೆಯ ಹುಡುಗಿಗೆ ಇಲ್ಲಿ ಏನಾಗುತ್ತಿದೆಯೆಂದು ತಿಳಿಯಲಿಲ್ಲ. ಅವಳು ಕಚೇರಿಯ ದನಿಯಲ್ಲೇ ಮುಂದುವರಿಸಿದಳು: ‘ಹತ್ತಿರದ ಸಂಬಂಧಿ ಅನ್ನುವಲ್ಲಿ ಬೈಲಪ್ಪ, ಸೋದರಮಾವ ಅಂತ ಹಾಕಿದ್ದಾರೆ ನೋಡಿ, ಅದೇ ತಪ್ಪಿದ್ದು. ನಂದೀಶ್ ಇಲ್ಲಿ ಕೂತು ಅವರ ಕೈಯಲ್ಲೇ ಬರೆದುಕೊಟ್ಟ ಹಾಳೆ ನನ್ನ ಮುಂದೆ ಉಂಟು. ಅದರಲ್ಲಿ ಹೆಸರು ಅನುಸೂಯಮ್ಮ ಅಂತ ಉಂಟು. ಸಂಬಂಧ, ಅಮ್ಮ. ಅದು ನೀವೇ ಅಲ್ವಾ?’