ಖಾಲಿ ಎರಿಯ ಅಪವಾದ

"ನನ್ನ ಜೇನುಮರಿಗಳನ್ನ ಅಳಿಯನೇ ವಿಷ ಹಾಕಿ ಕೊಂದ, ತಾಯಿ! ಸಾಬೀತು ಮಾಡಿಕೊಡಿ, ಅವನನ್ನ ಜೈಲಿಗೆ ಕಳಿಸ್ತೀನಿ."

ಜೇನು ಸಾಕುವ ಜೇನಜ್ಜ ಗೂಡಿನಿಂದ ತೆಗೆದ ಮೇಣದ ಎರಿಯನ್ನು ದೊಡ್ಡಮ್ಮನ ಮೇಜಿನ ಮೇಲಿಟ್ಟು ಗೊಳೋ ಎಂದು ಅತ್ತ. ಆ ದ್ವೀಪದಲ್ಲಿ ಮೇಕೆ ಕಳೆದರೂ ಮಾನ ಕಳೆದರೂ ಜನ ಬರುತ್ತಿದ್ದುದು ದೊಡ್ಡಮ್ಮನ ಬಳಿಗೇ. ಅವಳ ತಂಗಿಯ ಮಗ, ಔಷಧಿ ಅಂಗಡಿಯ ಕಾಂಪೌಂಡರ್, ಅವಳ ಬಲಗೈ. ಹಾಗೆಂದು ಅವನೇ ಹೇಳಿಕೊಳ್ಳುತ್ತಿದ್ದ. ಎರಿಯಲ್ಲಿ ಮರಿಯಿದ್ದ ಕೋಣೆಗಳಷ್ಟೇ ಖಾಲಿ ಕೋಣೆಗಳೂ ಇದ್ದುದನ್ನು ಅವನು ಕಂಡ.

"ದೊಡ್ಡ ನೊಣಗಳು ಸತ್ತಿದ್ವಾ?" ದೊಡ್ಡಮ್ಮ ಕೇಳಿದಳು.

"ಒಂದೂ ಇಲ್ಲ."

"ಅಳಿಯ ಎಲ್ಲಿ?"

"ಅವನು ದಡದಿಂದ ತಂದ ಪೆಟ್ಟಿಗೇನ ಸಮುದ್ರಕ್ಕೆಸೆದು, ಚಳಿಗಾಲದಲ್ಲೇ ಹೊರಗೆ ಹಾಕ್ದೆ. ಆಚೆ ದಡದಲ್ಲಿದಾನೆ. ಮಗಳೂ 'ಹೋಗಿ' ಅಂದ್ಲು."

"ಈ ಎರಿ?"

"ಹೋದ ವಾರದ್ದು."

"ಹಾಗಾದ್ರೆ ಅಳಿಯ ಕದ್ದು ಬಂದು ಹೋಗ್ತಿರಬೇಕು," ಎಂದ ಕಾಂಪೌಂಡರ್.

"ಕಾಗಕ್ಕ ಗುಬ್ಬಕ್ಕನ ಕತೆ ಕಟ್ಬೇಡ, ಸುಮ್ನಿರು!" ಎಂದಳು ದೊಡ್ಡಮ್ಮ.

ದೊಡ್ಡಮ್ಮ ಕೆಲವು ನೊಣಗಳನ್ನು ದಡದ ಪ್ರಯೋಗಾಲಯಕ್ಕೆ ಕಳಿಸಿದಳು. ಗಾಜಿನ ಗೋಡೆಯ ಪೆಟ್ಟಿಗೆ ಮಾಡಿಸಿ, ಅದೇ ಗೂಡಿನ ಎರಿಯನ್ನು ರಾಣಿ, ನೊಣಗಳ ಸಮೇತ ಅದರಲ್ಲಿಟ್ಟು ಕಾದಳು. ಒಂದು ಮಧ್ಯಾಹ್ನ ಕಾಂಪೌಂಡರ್ ಇಣುಕಿದಾಗ, ಆಗತಾನೇ ಮೊಟ್ಟೆಯೊಡೆದ ಮರಿಯನ್ನು ನೊಣವೊಂದು ಎಳೆದು ತಿನ್ನುತ್ತಿತ್ತು. ಅವನು ದೊಡ್ಡಮ್ಮನನ್ನು ಕೂಗಿದ.

ವರದಿ ಬಂದ ಮೇಲೆ ಎಲ್ಲರೂ ಜೇನಜ್ಜನ ಅಂಗಳದಲ್ಲಿ ಸೇರಿದರು. ಅಳಿಯನೂ ದೋಣಿಯಲ್ಲಿ ಬಂದಿದ್ದ. ಮಗಳು ಗಂಡನ ಮುಖ ನೋಡದೆ ಕಂಬಕ್ಕೊರಗಿ ನಿಂತಿದ್ದಳು.

"ವಿಷ ಆಗಿದ್ರೆ ದೊಡ್ಡ ನೊಣಗಳೂ ಸಾಯ್ತಿದ್ವು," ದೊಡ್ಡಮ್ಮ ಶುರು ಮಾಡಿದಳು. "ಅಳಿಯ ಹೋದ್ಮೇಲೂ ಮರಿಗಳು ಮಾಯ ಆಗ್ತಾನೇ ಇವೆ. ತಿಂದಿದ್ದು ನೊಣಗಳೇ. ಬೇಲಿಯೇ ಎದ್ದು ಹೊಲ ಮೇಯ್ದಿದೆ."

"ಅಯ್ಯೋ, ತಮ್ಮ ಮರೀನ ತಾವೇ ಯಾಕೆ ತಿಂತವೆ?" ಜೇನಜ್ಜ ಗದರಿದ.

"ವರದಿ ಬಂದಿದೆಯಲ್ಲ, ದಡದ ನೊಣಗಳಲ್ಲಿ ವಂಶದ ಗುಣ ಹತ್ತಾರು ಬಗೆ. ನಮ್ಮ ದ್ವೀಪದವು ಹೆಚ್ಚುಕಡಿಮೆ ಒಂದೇ ಅಚ್ಚು. ರಾಣಿ ರಕ್ತಸಂಬಂಧಿ ಗಂಡುನೊಣವನ್ನೇ ಕೂಡಿದ್ರೆ, ಹೆಣ್ಣಾಗಬೇಕಾದ ಮೊಟ್ಟೆಗಳಲ್ಲಿ ಅರ್ಧದಷ್ಟು ಕೆಲಸಕ್ಕೆ ಬಾರದ ಗಂಡಾಗ್ತವೆ. ಅಂಥ ಮರಿಗಳನ್ನ ಸಾಕೋ ನೊಣಗಳೇ ತಿಂದುಬಿಡ್ತವೆ. ಅದಕ್ಕೇ ಅಳಿಯ ದಡದ ರಾಣಿ ತಂದಿದ್ದ. ಅಪ್ಪಟ ತಳಿ ಕೆಡುತ್ತೆ ಅಂತ ನೀವು ಪೆಟ್ಟಿಗೆ ಸಮೇತ ಸಮುದ್ರಕ್ಕೆಸೆದ್ರಿ."

ಜೇನಜ್ಜ ಕುಸಿದು ಕೂತ. "ನನ್ನ ಕೈಯಾರೆ ಕೊಂದ್ನಲ್ಲಪ್ಪಾ! ತಪ್ಪಾಯ್ತು ಅಳಿಯಂದ್ರೇ, ಮನೆಗೆ ಬನ್ನಿ."

"ಏಳಿ ಮಾವ. ನಿಮ್ಮ ಬೈಗುಳ ಆವತ್ತೇ ಮರ್ತೆ." ಅಳಿಯ ಚೀಲದಿಂದ ರಾಣಿಯಿದ್ದ ಪುಟ್ಟ ಪಂಜರ ತೆಗೆದು ಮುದುಕನ ಅಂಗೈಯಲ್ಲಿಟ್ಟ. "ಇದನ್ನ ಗೂಡಿಗೆ ಬಿಡಿ. ಇನ್ನಷ್ಟು ತರಿಸಿಕೊಳ್ಳಿ, ಉಳೀತವೆ."

ಅವನು ದೋಣಿ ಕಟ್ಟಿದ್ದ ದಕ್ಕೆಯತ್ತ ನಡೆದ. ಮಗಳು ಬರಿಗಾಲಲ್ಲೇ ಓಡಿ ಅವನ ತೋಳು ಹಿಡಿದಳು. ಹಿಂದೆಯೇ ಓಡಿ ಬಂದ ಕಾಂಪೌಂಡರ್ ಸ್ವಲ್ಪ ದೂರದಲ್ಲೇ ನಿಂತ.

"ಅಪ್ಪ ಹೇಳಿದ್ದನ್ನೇ ನಂಬ್ದೆ. ನಿಮ್ಮನ್ನ ಒಂದು ಮಾತೂ ಕೇಳ್ಲಿಲ್ಲ. ಈಗ ಕೇಳ್ತೀನಿ ರೀ... ನೀವು ವಿಷ ಹಾಕಿದ್ರಾ?"

ಅವನ ಕಣ್ಣು ತುಂಬಿ ಬಂತು. ಅವಳ ಬೆರಳುಗಳನ್ನು ಮೆಲ್ಲನೆ ಬಿಡಿಸಿದ.

"ಈಗ ನಿಂಗೆ ಉತ್ತರ ಗೊತ್ತಲ್ಲೇ," ಎಂದು ದೋಣಿ ಹತ್ತಿದ.